ಉಪ್ಪುನೀರು, ಸಣ್ಣ ಗುಳ್ಳೆ, ಕಲಬುರಗಿಯ ಬೇಸಿಗೆ

ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಎರಡಕ್ಕೂ ಮುಕ್ಕಾಲು ಲೀಟರ್ ಆರ್‌ಓ ನೀರು ತುಂಬಿ. ಒಂದರಲ್ಲಿ ಒಂದೂವರೆ ದೊಡ್ಡ ಚಮಚೆ ಅಡುಗೆ ಉಪ್ಪು ಕರಗಿಸಿ. ಮುಚ್ಚಳ ಬಿಗಿ ಮಾಡಿ ಎರಡನ್ನೂ ಒಟ್ಟಿಗೆ ಜೋರಾಗಿ ಕುಲುಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸಿಹಿನೀರಿನ ಬಾಟಲಿಯಲ್ಲಿ ದಪ್ಪ ದಪ್ಪ ಗುಳ್ಳೆಗಳು ಸರಕ್ಕನೆ ಮೇಲೆದ್ದು ಒಡೆದುಹೋಗುತ್ತವೆ, ನೀರು ಕೂಡಲೇ ತಿಳಿಯಾಗುತ್ತದೆ. ಉಪ್ಪುನೀರಿನದು ಹಾಗಲ್ಲ. ಕೆಲವು ಕ್ಷಣ ಅದರೊಳಗೆ ಮಂಜು ಕವಿದಂತಿರುತ್ತದೆ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳು ನಿಧಾನವಾಗಿ ಮೇಲೇರುತ್ತ, ಒಂದರೊಳಗೊಂದು ಸೇರದೆ, ತಮ್ಮ ತಮ್ಮ ಗಾತ್ರದಲ್ಲೇ ಉಳಿದಿರುತ್ತವೆ.

ಸಮುದ್ರದ ಮೀನು ಸಾಕುವವರ ಗಾಜಿನ ತೊಟ್ಟಿಯ ಆರೋಗ್ಯ ಬಹುಮಟ್ಟಿಗೆ ಈ ಒಂದು ಗುಣದ ಮೇಲೆ ನಿಂತಿದೆ. ಕಲಬುರಗಿಯಂಥ ಊರಲ್ಲಿ, ಕಡಲಿನಿಂದ ನೇರ ಗೆರೆ ಎಳೆದರೂ ಮುನ್ನೂರೈವತ್ತು ಕಿಲೋಮೀಟರಿಗಿಂತ ದೂರದಲ್ಲಿ, ಬೇಸಿಗೆಯಲ್ಲಿ ಪಾದರಸ 42, 43 ಡಿಗ್ರಿ ದಾಟುವ ಜಾಗದಲ್ಲಿ ಉಪ್ಪುನೀರಿನ ಮೀನು ಸಾಕಲು ಹೊರಟವರು ಈ ಗುಣವನ್ನು ಚೆನ್ನಾಗಿ ಅರಿತುಕೊಳ್ಳಬೇಕು. ನಮ್ಮಲ್ಲಿ ಅದು ಅಲಂಕಾರದ ವಿಷಯವಲ್ಲ, ಮೀನಿನ ಜೀವದ ವಿಷಯ.

ಮೊದಲು ಕಾರಣ. ನೀರಿನಲ್ಲಿ ಎರಡು ಗುಳ್ಳೆ ಹತ್ತಿರ ಬಂದಾಗ ಅವುಗಳ ನಡುವೆ ತೆಳ್ಳನೆಯ ನೀರಿನ ಪೊರೆಯೊಂದು ಸಿಕ್ಕಿಕೊಳ್ಳುತ್ತದೆ. ಆ ಪೊರೆಯ ನೀರು ಪಕ್ಕಕ್ಕೆ ಜಾರುತ್ತ ಹೋಗಿ, ಪೊರೆ ತೀರಾ ತೆಳುವಾದಾಗ ಹರಿಯುತ್ತದೆ. ಎರಡು ಗುಳ್ಳೆ ಒಂದಾಗುತ್ತವೆ. ಸಿಹಿನೀರಿನಲ್ಲಿ ಇದು ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಮುಗಿದುಹೋಗುತ್ತದೆ. ಉಪ್ಪು ಒಂದು ಮಟ್ಟಕ್ಕಿಂತ ಹೆಚ್ಚಿದ್ದರೆ ಪೊರೆ ಅಷ್ಟು ಬೇಗ ಹರಿಯುವುದಿಲ್ಲ, ಗುಳ್ಳೆಗಳು ಒಂದನ್ನೊಂದು ತಾಕಿಯೂ ಬೇರೆಯಾಗಿಯೇ ಉಳಿಯುತ್ತವೆ. ಆಸ್ಟ್ರೇಲಿಯಾದ ವಿನ್ಸೆಂಟ್ ಕ್ರೇಗ್, ಬ್ಯಾರಿ ನಿನ್ಹಮ್ ಮತ್ತು ರಿಚರ್ಡ್ ಪಾಶ್ಲಿ 1993ರಲ್ಲಿ ಬೇರೆ ಬೇರೆ ಲವಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಡುಗೆ ಉಪ್ಪು ಗುಳ್ಳೆಗಳ ಕೂಡಿಕೆಯನ್ನು ತಡೆಯಿತು, ಸೋಡಿಯಂ ಅಸಿಟೇಟ್ ತಡೆಯಲಿಲ್ಲ. ಎರಡೂ ಸೋಡಿಯಂ ಲವಣಗಳೇ. ಹಾಗಿದ್ದೂ ಒಂದಕ್ಕಿರುವ ಶಕ್ತಿ ಇನ್ನೊಂದಕ್ಕೆ ಯಾಕಿಲ್ಲ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಸಿಕ್ಕಿಲ್ಲ. ಅಡುಗೆ ಉಪ್ಪಿನ ಮಟ್ಟಿಗೆ ಈ ತಡೆ ಲೀಟರಿಗೆ ಸುಮಾರು ಆರು ಗ್ರಾಂ ಆಸುಪಾಸಿನಲ್ಲಿ ಎದ್ದು ಕಾಣತೊಡಗುತ್ತದೆ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣವಿರುತ್ತದೆ, ಅಂದರೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಕಾರವಾರದ ಕಡಲತಡಿಯಲ್ಲಿ ಅಲೆ ಒಡೆದ ಮೇಲೂ ನೀರು ಹಾಲಿನ ಬಣ್ಣದಲ್ಲೇ ಸ್ವಲ್ಪ ಹೊತ್ತು ಇರುವುದಕ್ಕೆ, ಕಲಬುರಗಿಯ ಅಪ್ಪನ ಕೆರೆಯ ಅಲೆ ದಡಕ್ಕೆ ಬಡಿದು ಕೂಡಲೇ ತಿಳಿಯಾಗುವುದಕ್ಕೆ ಇದೂ ಒಂದು ಕಾರಣ.

ಗುಳ್ಳೆ ಸಣ್ಣದಾಗಿ ಉಳಿದರೆ ಏನು ಲಾಭ? ಲೆಕ್ಕ ಹಾಕೋಣ. ಒಂದು ಲೀಟರ್ ಗಾಳಿಯನ್ನು ಐದು ಮಿಲಿಮೀಟರ್ ಅಗಲದ ಗುಳ್ಳೆಗಳಾಗಿ ಒಡೆದರೆ ಅವುಗಳ ಒಟ್ಟು ಮೈ ಸುಮಾರು 1.2 ಚದರ ಮೀಟರ್. ಅದೇ ಗಾಳಿಯನ್ನು ಅರ್ಧ ಮಿಲಿಮೀಟರಿನ ಗುಳ್ಳೆಗಳಾಗಿಸಿದರೆ 12 ಚದರ ಮೀಟರ್. 50 ಮೈಕ್ರಾನಿಗೆ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದರೆ 120 ಚದರ ಮೀಟರ್. ಗಾಳಿ ಅಷ್ಟೇ, ನೀರನ್ನು ಮುಟ್ಟುವ ಮೈ ಮಾತ್ರ ನೂರು ಪಟ್ಟು. ಇನ್ನು ವೇಗ. ಐದು ಮಿಲಿಮೀಟರಿನ ಗುಳ್ಳೆ ಅರ್ಧ ಮೀಟರ್ ಆಳದ ತೊಟ್ಟಿಯ ತಳದಿಂದ ಎರಡೇ ಸೆಕೆಂಡಿನಲ್ಲಿ ಮೇಲೆ ಬಂದು ಒಡೆಯುತ್ತದೆ. 50 ಮೈಕ್ರಾನಿನದು ನಿಂತ ನೀರಿನಲ್ಲಿ ಅಷ್ಟೇ ದೂರ ಏರಲು ಆರು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಅದು ನೀರಿಗೆ ಆಮ್ಲಜನಕ ಕೊಡುತ್ತ, ನೀರಿನಲ್ಲಿ ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ತನ್ನೊಳಗೆ ಎಳೆದುಕೊಳ್ಳುತ್ತ, ದಾರಿಯಲ್ಲಿ ಸಿಕ್ಕ ಜಿಡ್ಡನ್ನು ಮೈಗೆ ಅಂಟಿಸಿಕೊಳ್ಳುತ್ತ ಸಾಗುತ್ತದೆ.

ಈಗ ಇದನ್ನು ಕಲಬುರಗಿಯ ಏಪ್ರಿಲ್ ತಿಂಗಳಿಗೆ ತನ್ನಿ. ನೀರು ಬಿಸಿಯಾದಂತೆ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆಯಾಗುತ್ತದೆ. ಸಿಹಿನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿಯುತ್ತದೆ. ಸಮುದ್ರದ ನೀರಿಗೆ ಅದೇ ಉಷ್ಣತೆಯಲ್ಲಿ ಹಿಡಿಸುವುದು 6.7ರಷ್ಟು ಮಾತ್ರ, ಯಾಕೆಂದರೆ ಉಪ್ಪು ಇದ್ದಷ್ಟೂ ಅನಿಲಕ್ಕೆ ಜಾಗ ಕಡಿಮೆ. ನೀರು 34 ಡಿಗ್ರಿಗೆ ಏರಿದರೆ ಅದು 5.8ಕ್ಕೆ ಇಳಿಯುತ್ತದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡವೂ ಕಡಿಮೆ. ಆ ಲೆಕ್ಕದಲ್ಲಿ ಇನ್ನೂ ಶೇಕಡಾ ಐದರಷ್ಟು ಹೋಗುತ್ತದೆ. ಉಳಿಯುವುದು 5.5 ಮಿಲಿಗ್ರಾಂ, ಅದೂ ನೀರು ಪೂರ್ತಿ ತುಂಬಿಕೊಂಡಿದ್ದರೆ. ಇನ್ನೊಂದು ಕಡೆ, ಹತ್ತು ಡಿಗ್ರಿ ಏರಿದರೆ ಮೀನಿನ ದೇಹದ ಉಸಿರಾಟದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಕಾದ್ದು ಏರುವ ಹೊತ್ತಿಗೇ ಸಿಗುವುದು ಇಳಿಯುತ್ತದೆ. ಸೂಪರ್ ಮಾರ್ಕೆಟ್ ಕಡೆಯ ಅಕ್ವೇರಿಯಂ ಅಂಗಡಿಗೆ ಬಂದು "ನೀರ ಕಾದದ್ರೀ, ಮೀನ ಮ್ಯಾಲ ಬಂದು ಬಾಯಿ ತೆಗಿಲಾಕತ್ಯಾವ" ಎನ್ನುವವರ ಮಾತಿನಲ್ಲಿ ಈ ಎರಡೂ ಲೆಕ್ಕ ಅಡಗಿವೆ.

ನೂರು ಲೀಟರಿನ ತೊಟ್ಟಿಯ ಉಪ್ಪುನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಕೂಡಿಸಿದರೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ನಾವು ಉಸಿರಾಡುವ ಸುಮಾರು ಎರಡು ಲೀಟರ್ ಗಾಳಿಯಲ್ಲಿ ಅಷ್ಟೇ ಆಮ್ಲಜನಕವಿದೆ! ಈ ಸಂಗತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮೀನು ಎಂಥ ಇಕ್ಕಟ್ಟಿನಲ್ಲಿ ಬದುಕುತ್ತದೆ ಎಂಬುದು ಗೊತ್ತಾಗುತ್ತದೆ. ನೀರು ಎಷ್ಟೇ ತುಂಬಿದ್ದರೂ ಅದರೊಳಗಿನ ಉಸಿರಿನ ದಾಸ್ತಾನು ಕೆಲವೇ ಗಂಟೆಗಳದ್ದು. ದಾಸ್ತಾನು ತುಂಬುತ್ತಲೇ ಇರಬೇಕು.

ಗುಳ್ಳೆಯನ್ನು ನಂಬಿ ಸಮುದ್ರದ ತೊಟ್ಟಿ ನಡೆಸಿದ ಹಳೆಯ ಉದಾಹರಣೆಯೊಂದು ಇಂಡೋನೇಷ್ಯಾದ್ದು. ಜಕಾರ್ತಾದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಅಮೆರಿಕದ ಮೀನು ಸಾಕಣೆಯ ಪತ್ರಿಕೆಯೊಂದರಲ್ಲಿ ತಮ್ಮ ಪದ್ಧತಿಯನ್ನು ವಿವರಿಸಿದರು. ಸಮುದ್ರದಿಂದ ತಂದ ಜೀವಂತ ಬಂಡೆ, ಬಿಸಿಲು, ಒಂದು ಕೊಳವೆಯಿಂದ ಏಳುವ ಗಾಳಿಗುಳ್ಳೆ. ಅವರ ತೊಟ್ಟಿಯಲ್ಲಿ ಇದ್ದದ್ದು ಇಷ್ಟೇ. ಆಗಿನ ಯುರೋಪು ಮತ್ತು ಅಮೆರಿಕದ ಹವ್ಯಾಸಿಗಳು ಶೋಧಕ ಯಂತ್ರಗಳ ಹಿಂದೆ ಬಿದ್ದಿದ್ದರು. ಬಿಸಿ ನಾಡಿನ ಈ ಮನುಷ್ಯ ಗುಳ್ಳೆಗಳಿಂದಲೇ ನೀರನ್ನು ತಿರುಗಿಸಿ, ಬಂಡೆಯೊಳಗಿನ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸಿ ಹವಳಗಳನ್ನು ಉಳಿಸಿಕೊಂಡರು. ಅವರ ಪಕ್ಕದಲ್ಲೇ ಸಮುದ್ರವಿತ್ತು ಎಂಬುದನ್ನು ಮರೆಯಬಾರದು. ಬೇಕೆಂದಾಗ ಹೊಸ ನೀರು ತರಬಹುದಿತ್ತು, ನಮಗೆ ಆ ಸೌಲಭ್ಯವಿಲ್ಲ.

ಹೆಚ್ಚುಕಡಿಮೆ ಅದೇ ದಶಕದಲ್ಲಿ ಜರ್ಮನಿಯಲ್ಲಿ ಸ್ಕಿಮ್ಮರ್ ರೂಪ ತಾಳಿತು. ಇವತ್ತು ಸಮುದ್ರದ ತೊಟ್ಟಿ ಇಟ್ಟವರ ಮನೆಯಲ್ಲಿ ಸಾಮಾನ್ಯವಾಗಿ ಇರುವ ಯಂತ್ರ ಅದು. ಅದರ ಕೆಲಸ ಕಲಬುರಗಿಯವರಿಗೆ ಹೊಸದೇನಲ್ಲ. ತೊಗರಿ ಬೇಳೆ ಬೇಯಿಸುವಾಗ ಪಾತ್ರೆಯ ಮೇಲೆ ಬುರುಗು ಕಟ್ಟುತ್ತದಲ್ಲ, ಅದನ್ನು ಸೌಟಿನಿಂದ ತೆಗೆದು ಚೆಲ್ಲುವುದುಂಟಲ್ಲ, ಸ್ಕಿಮ್ಮರ್ ಮಾಡುವುದು ಅದನ್ನೇ. ಬೇಳೆಯ ನೀರಿಗಿಳಿದ ಪ್ರೋಟೀನಿನಂಥ ಪದಾರ್ಥಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ನೀರು ಆಗದು. ಹಾಗಾಗಿ ಅವು ನೀರು ಮತ್ತು ಗಾಳಿ ಸೇರುವ ಗಡಿಯನ್ನೇ ಹುಡುಕಿಕೊಂಡು ಹೋಗಿ ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಹವಳದ ಲೋಳೆ, ಇವುಗಳಿಂದ ಕರಗಿ ಬಂದ ಪದಾರ್ಥವೂ ಇದೇ ಜಾತಿಯದು. ಸ್ಕಿಮ್ಮರಿನ ಎತ್ತರದ ಕೊಳವೆಯಲ್ಲಿ ಕೋಟ್ಯಂತರ ಸಣ್ಣ ಗುಳ್ಳೆಗಳು ಆ ಕೊಳೆಯನ್ನು ಹೊತ್ತು ಮೇಲೇರಿ ನೊರೆಯಾಗುತ್ತವೆ. ನೊರೆ ಬಟ್ಟಲಿಗೆ ಉಕ್ಕಿ ಬಿದ್ದು ಕಂದುಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ನೀರಾಗಿ ನಿಲ್ಲುತ್ತದೆ. ಕೊಳೆ ಕೊಳೆತು ಅಮೋನಿಯಾ ಆಗುವ ಮೊದಲೇ ಅದನ್ನು ತೊಟ್ಟಿಯಿಂದ ಆಚೆ ಹಾಕಿದಂತಾಯಿತು. ಸಿಹಿನೀರಿನ ತೊಟ್ಟಿಗೆ ಇದೇ ಯಂತ್ರ ಇಟ್ಟರೆ ಗುಳ್ಳೆಗಳು ಕೂಡಿ ದಪ್ಪವಾಗುತ್ತವೆ, ಸಾಮಾನ್ಯ ಕೊಳೆಯ ಮಟ್ಟದಲ್ಲಿ ನೊರೆಯೇ ನಿಲ್ಲುವುದಿಲ್ಲ.

ಸ್ಕಿಮ್ಮರ್ ಎಲ್ಲವನ್ನೂ ತೆಗೆಯುತ್ತದೆ ಎಂದು ನಂಬಿದವರಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಅದನ್ನು ಅಳೆದು ನೋಡಿದರು. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಸ್ಕಿಮ್ಮರುಗಳು ಹೊರತೆಗೆದದ್ದು ಶೇಕಡಾ 20ರಿಂದ 30ರಷ್ಟನ್ನು ಮಾತ್ರ. ಉಳಿದದ್ದು ಗುಳ್ಳೆಗೆ ಅಂಟುವ ಜಾತಿಯದೇ ಅಲ್ಲ. ಅದಕ್ಕೆ ಬ್ಯಾಕ್ಟೀರಿಯಾ ಬೇಕು, ಇದ್ದಿಲು ಬೇಕು, ವಾರವಾರ ಸ್ವಲ್ಪ ನೀರು ಬದಲಾಯಿಸುವ ಶಿಸ್ತು ಬೇಕು. ದೊಡ್ಡ ಬೆಲೆಯ ಸ್ಕಿಮ್ಮರ್ ಕೊಂಡು ನೀರು ಬದಲಾಯಿಸುವುದನ್ನು ನಿಲ್ಲಿಸುವವರಿಗೆ ನಾನು ಈ ಅಂಕಿಯನ್ನು ಹೇಳುತ್ತೇನೆ.

ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಿಗಳ ನಡುವೆ ಇನ್ನೊಂದು ಪದ್ಧತಿ ಹಬ್ಬಿದೆ. ಗುಳ್ಳೆಗಳನ್ನು ಸ್ಕಿಮ್ಮರಿನೊಳಗೆ ಕೂಡಿಹಾಕದೆ ನೇರವಾಗಿ ಮೀನಿರುವ ತೊಟ್ಟಿಗೇ ಬಿಡುವುದು. ಏರ್ ಪಂಪಿನ ಕೊಳವೆಗೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಮರದ ಏರ್ ಸ್ಟೋನ್ ಸಿಕ್ಕಿಸಿ ಅದನ್ನು ಸಂಪಿನಲ್ಲಿ, ಅಂದರೆ ತೊಟ್ಟಿಯ ಕೆಳಗಿಡುವ ಶೋಧಕದ ಪೆಟ್ಟಿಗೆಯಲ್ಲಿ, ನೀರೆತ್ತುವ ಪಂಪಿನ ಬಾಯಿಯ ಹತ್ತಿರ ಇಡುತ್ತಾರೆ. ಪಂಪಿನ ರೆಕ್ಕೆ ಆ ಗುಳ್ಳೆಗಳನ್ನು ಕೊಚ್ಚಿ ಇನ್ನೂ ಸಣ್ಣದಾಗಿಸಿ ಮೇಲಿನ ತೊಟ್ಟಿಗೆ ತಳ್ಳುತ್ತದೆ. ಉಪ್ಪುನೀರು ಆದ್ದರಿಂದ ಅವು ಕೂಡಿಕೊಳ್ಳುವುದಿಲ್ಲ. ತೊಟ್ಟಿಯ ತುಂಬ ಬಿಳಿ ಮಬ್ಬು. ಬಂಡೆಯ ಸಂದಿಯಲ್ಲಿ ಕೂತ ಕೊಳೆ ಗುಳ್ಳೆಗೆ ಅಂಟಿ ಮೇಲೆ ತೇಲುತ್ತದೆ, ಅಲ್ಲಿಂದ ಉಕ್ಕಿ ಹರಿದು ಸಂಪಿಗೆ ಬಂದು ಸ್ಕಿಮ್ಮರಿಗೋ ಬಟ್ಟೆಯ ಶೋಧಕಕ್ಕೋ ಸಿಗುತ್ತದೆ, ಹವಳಗಳು ಲೋಳೆ ಕಳಚಿ ಚುರುಕಾಗುತ್ತವೆ, ನೀರಿನ ಪಿಎಚ್ ಏರುತ್ತದೆ ಎಂಬುದು ಇದನ್ನು ಮಾಡುವವರ ಹೇಳಿಕೆ.

ಇದರಲ್ಲಿ ನಂಬಬಹುದಾದದ್ದು ಎಷ್ಟು? ಅನಿಲ ವಿನಿಮಯದ ಮಾತು ಗಟ್ಟಿ, ಅದರ ಹಿಂದೆ ಲೆಕ್ಕವಿದೆ. ಸಣ್ಣ ಕಣಗಳು ಗುಳ್ಳೆಗೆ ಅಂಟಿ ತೇಲುತ್ತವೆ ಎಂಬುದೂ ಸರಿಯೇ. ಅದಿರು ಶುದ್ಧ ಮಾಡುವ ಕಾರ್ಖಾನೆಗಳು, ಕೊಳಚೆ ನೀರು ಶುದ್ಧೀಕರಿಸುವ ಘಟಕಗಳು ಇದೇ ತತ್ವವನ್ನು ಎಷ್ಟೋ ವರ್ಷದಿಂದ ಬಳಸುತ್ತಿವೆ. ಹವಳ ಬೇಗ ಬೆಳೆಯುತ್ತದೆ, ರೋಗ ಬರುವುದೇ ಇಲ್ಲ ಎಂಬ ಮಾತುಗಳು ಮಾತ್ರ ಕಣ್ಣಳತೆಯವು. ಪಕ್ಕಪಕ್ಕ ಎರಡು ತೊಟ್ಟಿ ಇಟ್ಟು, ಒಂದಕ್ಕೆ ಗುಳ್ಳೆ ಬಿಟ್ಟು ಇನ್ನೊಂದಕ್ಕೆ ಬಿಡದೆ ಅಳೆದು ನೋಡಿದ ಮೇಲೆ ಆಡಿದ ಮಾತುಗಳಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇದು ಸ್ಕಿಮ್ಮರಿನ ಜಾಗ ತುಂಬಲಾರದು. ರಾತ್ರಿ ಕೆಲವು ಗಂಟೆ ಟೈಮರ್ ಹಾಕಿ ನಡೆಸಿದರೆ ಕಲಬುರಗಿಯ ತೊಟ್ಟಿಗೆ ಒಳ್ಳೆಯದೇ ಆಗುತ್ತದೆ. ರಾತ್ರಿಯೇ ಯಾಕೆಂದರೆ ದೀಪ ಆರಿದ ಮೇಲೆ ಪಾಚಿ ಮತ್ತು ಹವಳದೊಳಗಿನ ಸೂಕ್ಷ್ಮ ಸಸ್ಯಗಳು ಆಮ್ಲಜನಕ ಕೊಡುವುದನ್ನು ನಿಲ್ಲಿಸಿ ತಾವೂ ಉಸಿರಾಡತೊಡಗುತ್ತವೆ. ಬೆಳಗಿನ ಜಾವದ ಹೊತ್ತಿಗೆ ಆಮ್ಲಜನಕವೂ ಪಿಎಚ್ಚೂ ದಿನದ ತಳ ಮುಟ್ಟಿರುತ್ತವೆ. ಹಗಲಲ್ಲಿ ಮಬ್ಬು ಇರದಿದ್ದರೆ ಮೀನನ್ನು ನೋಡುವ ಸುಖವೂ ಉಳಿಯುತ್ತದೆ.

ಪಿಎಚ್ ವಿಷಯದಲ್ಲಿ ಒಂದು ಎಚ್ಚರಿಕೆ. ಗುಳ್ಳೆ ನೀರನ್ನು ಕೋಣೆಯ ಗಾಳಿಯೊಂದಿಗೆ ಸಮ ಮಾಡುತ್ತದೆ, ಅದಕ್ಕಿಂತ ಹೆಚ್ಚೇನನ್ನೂ ಮಾಡಲಾರದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420ರಷ್ಟು ಭಾಗವಿದೆ. ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ನಾಲ್ಕು ಜನ ಮಲಗಿದ ಕೋಣೆಯಲ್ಲಿ ಅದು ಸಾವಿರ ದಾಟುತ್ತದೆ. ಅಂಥ ಗಾಳಿಯನ್ನು ತೊಟ್ಟಿಗೆ ಊದಿದರೆ ಪಿಎಚ್ 8.1ರಿಂದ 7.8ರ ಕಡೆಗೆ ಇಳಿಯುತ್ತದೆ, ಏರುವುದಿಲ್ಲ. ಇಲ್ಲಿ ನಮ್ಮ ಹಳೆಯ ಕೂಲರಿಗೆ ಒಂದು ಅನುಕೂಲವಿದೆ. ಕಿಟಕಿಗೆ ಕೂಡಿಸಿದ ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ತಳ್ಳುತ್ತದೆ, ಕೋಣೆಯ ಗಾಳಿ ಬದಲಾಗುತ್ತಲೇ ಇರುತ್ತದೆ. ಏಸಿ ಕೋಣೆಯವರು ಏರ್ ಪಂಪನ್ನು, ಇಲ್ಲವೇ ಸ್ಕಿಮ್ಮರ್ ಗಾಳಿ ಎಳೆಯುವ ಕೊಳವೆಯ ತುದಿಯನ್ನು ಕಿಟಕಿಯಾಚೆಗೆ ಇಟ್ಟರೆ ಕೆಲಸ ಮುಗಿಯುತ್ತದೆ. ಸೊಳ್ಳೆ ಔಷಧಿಯೋ ಬಣ್ಣದ ವಾಸನೆಯೋ ಇರುವ ಕಡೆ ಮಾತ್ರ ಇಡಬೇಡಿ. ಗಾಳಿಯಲ್ಲಿರುವುದೆಲ್ಲ ಗುಳ್ಳೆಯ ಮೂಲಕ ನೀರಿಗಿಳಿಯುತ್ತದೆ.

ಉಷ್ಣತೆಯನ್ನು ಗುಳ್ಳೆಯಿಂದ ಗೆಲ್ಲಲಾಗದು. ಸಮುದ್ರದ ಮೀನಿಗೆ 25ರಿಂದ 27 ಡಿಗ್ರಿ ಹಿತ, ಹವಳಕ್ಕೆ 30 ದಾಟಿ ಹಲವು ದಿನ ನಿಂತರೆ ಅಪಾಯ. ಹಣವಿದ್ದವರು ನೀರು ತಣ್ಣಗಾಗಿಸುವ ಚಿಲ್ಲರ್ ಇಡುತ್ತಾರೆ. ಇಲ್ಲದವರಿಗೆ ಏಪ್ರಿಲ್‌ನ ಒಣಹವೆಯೇ ಆಸರೆ. ತೊಟ್ಟಿಯ ಮೇಲ್ಮೈಗೆ ಅಡ್ಡಲಾಗಿ ಸಣ್ಣ ಫ್ಯಾನ್ ಹಚ್ಚಿದರೆ ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ನೂರು ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ, ಹೊರಗಿನಿಂದ ಶಾಖ ಬಾರದಿದ್ದರೆ, ಉಳಿದ ನೀರು ಸುಮಾರು ಆರು ಡಿಗ್ರಿ ತಣ್ಣಗಾಗಬೇಕು. ಹೊರಗಿನ ಶಾಖ ಬರುತ್ತಲೇ ಇರುವುದರಿಂದ ಅಷ್ಟು ಸಿಗುವುದಿಲ್ಲ, ಎರಡು ಮೂರು ಡಿಗ್ರಿ ಸಿಕ್ಕರೂ ಅದು ಜೀವ ಉಳಿಸುವ ವ್ಯತ್ಯಾಸ. ಗುಳ್ಳೆಗಳೂ ಆವಿಯನ್ನು ಹೆಚ್ಚಿಸುತ್ತವೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೊಂದು ಲೀಟರ್ ಹೋಗಿ ಹತ್ತು ದಿನ ನೀರು ತುಂಬದಿದ್ದರೆ 35 ಇದ್ದ ಲವಣ 39ರ ಹತ್ತಿರ ಹೋಗುತ್ತದೆ. ಕಡಿಮೆಯಾದದ್ದನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಅದು ಬೋರ್ ನೀರಾಗಿರಬಾರದು. ಶಹಾಬಾದ್ ಕಲ್ಲಿನ, ಸೇಡಂ ಸಿಮೆಂಟಿನ ಸೀಮೆ ನಮ್ಮದು. ಸುಣ್ಣ ಬೆರೆತ ಗಡಸು ನೀರು ಇಲ್ಲಿ ಮನೆ ಮನೆಯ ಪಾತ್ರೆಗೂ ಬಕೆಟಿಗೂ ಬಿಳಿ ಕಟ್ಟಿಸುತ್ತದೆ. ಆವಿಯಾಗಿ ಹೋದಷ್ಟೂ ಅಂಥ ನೀರನ್ನೇ ತುಂಬುತ್ತಿದ್ದರೆ ಅದರ ಲವಣಗಳು ತೊಟ್ಟಿಯಲ್ಲಿ ಕೂಡುತ್ತಲೇ ಹೋಗುತ್ತವೆ. ಆರ್‌ಓ ನೀರೇ ಆಗಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿಕೊಳ್ಳಬೇಕು.

ಗುಳ್ಳೆಯಿಂದ ಕೇಡೂ ಇದೆ. ಮೇಲ್ಮೈಗೆ ಬಂದು ಒಡೆಯುವ ಪ್ರತಿ ಗುಳ್ಳೆ ಸಣ್ಣ ಹನಿಗಳನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸಾಗರಗಳ ಮೇಲೆ ಇದೇ ಕ್ರಿಯೆಯಿಂದ ಉಪ್ಪಿನ ಕಣಗಳು ಗಾಳಿಗೇರುತ್ತವೆ. ಮೋಡದ ಹನಿ ಕಟ್ಟಿಕೊಳ್ಳಲು ಬೀಜವಾಗುವ ಕಣಗಳಲ್ಲಿ ಅವೂ ಸೇರಿವೆ, ಹಾಗಾಗಿ ನಮ್ಮ ತೊಗರಿಗೆ ಬೀಳುವ ಮುಂಗಾರಿನ ಮಳೆಯಲ್ಲೂ ಅರಬ್ಬೀ ಸಮುದ್ರದ ಗುಳ್ಳೆಗಳ ಪಾಲಿದೆ. ಮನೆಯೊಳಗೆ ಮಾತ್ರ ಆ ಹನಿ ಒಣಗಿ ಪ್ಲಗ್ ಬೋರ್ಡಿನ ಮೇಲೆ ಬಿಳಿ ಉಪ್ಪಾಗಿ ಕೂರುತ್ತದೆ. ಒದ್ದೆ ಉಪ್ಪಿನಲ್ಲಿ ಕರೆಂಟ್ ಹರಿಯುತ್ತದೆ. ಪ್ಲಗ್ ಬೋರ್ಡನ್ನು ತೊಟ್ಟಿಗಿಂತ ದೂರ ಇಡಿ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋಲು ಬಿಟ್ಟು ಆಮೇಲೆ ಮೇಲೆ ತನ್ನಿ, ಹನಿ ಜಾರಿದರೆ ಆ ಜೋಲಿನಿಂದ ನೆಲಕ್ಕೆ ಬೀಳುತ್ತದೆ. ಸೋರಿಕೆ ಕಂಡರೆ ತಾನೇ ಕಡಿಯುವ ಬ್ರೇಕರ್ ಹಾಕಿಸದೆ ಉಪ್ಪುನೀರಿನ ತೊಟ್ಟಿ ಇಡಲೇಬಾರದು ಎಂಬುದು ನನ್ನ ಖಚಿತ ಮಾತು.

ಪಂಪು ಎಲ್ಲೋ ಸಂದಿಯಲ್ಲಿ ಗಾಳಿ ಹೀರಿ ಅದನ್ನು ಒತ್ತಡದಲ್ಲಿ ನೀರಿನೊಳಗೆ ಕರಗಿಸುತ್ತಿದ್ದರೆ ಇನ್ನೊಂದು ತೊಂದರೆ. ನೀರು ಹಿಡಿಯಬೇಕಾದುದಕ್ಕಿಂತ ಹೆಚ್ಚು ಸಾರಜನಕ ಹಿಡಿದುಕೊಳ್ಳುತ್ತದೆ, ಅದು ಮೀನಿನ ರಕ್ತದಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಕಣ್ಣು ಉಬ್ಬಿದ, ರೆಕ್ಕೆಯಲ್ಲಿ ಗುಳ್ಳೆ ಕಾಣುವ ಮೀನು ಇದರ ಗುರುತು. ಬೇಕೆಂದೇ ಏರ್ ಸ್ಟೋನಿನಿಂದ ಬಿಟ್ಟ ಗುಳ್ಳೆಗೂ ಸಂದಿಯಿಂದ ಸೋರಿ ಒತ್ತಡಕ್ಕೆ ಸಿಕ್ಕ ಗಾಳಿಗೂ ಈ ವ್ಯತ್ಯಾಸವಿದೆ. ಪೈಪಿನ ಜೋಡಣೆಗಳನ್ನು ಆಗಾಗ ನೋಡುತ್ತಿರಬೇಕು. ಸ್ಪಂಜಿನಂಥ ಜೀವಿಗಳ ನೇರಕ್ಕೆ ಗುಳ್ಳೆಯ ಧಾರೆ ಬಿಡಬಾರದು, ಅವುಗಳ ಸಣ್ಣ ನಾಳಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಭಾಗ ಸಾಯುತ್ತದೆ.

ಕರೆಂಟ್ ಹೋದಾಗ? ಇಲ್ಲಿ ಗುಳ್ಳೆಗೆ ಸಾಟಿ ಬೇರೆ ಇಲ್ಲ. ಸ್ಕಿಮ್ಮರ್, ಚಿಲ್ಲರ್, ದೊಡ್ಡ ಪಂಪುಗಳನ್ನು ಮನೆಯ ಇನ್ವರ್ಟರ್ ಹೆಚ್ಚು ಹೊತ್ತು ಹೊರಲಾರದು. ಸಣ್ಣ ಏರ್ ಪಂಪಿಗೆ ಬೇಕಾದದ್ದು ಮೂರರಿಂದ ಐದು ವ್ಯಾಟ್. ಎಲ್ಲಕ್ಕಿಂತ ಮೊದಲು ಅದೊಂದನ್ನು ಇನ್ವರ್ಟರಿನ ಲೈನಿಗೆ ಹಾಕಿ, ಇಲ್ಲವೇ ಬ್ಯಾಟರಿ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟಿರಿ. ಮೇ ತಿಂಗಳ ರಾತ್ರಿ ಗುಡುಗು-ಗಾಳಿಗೆ ಕಂಬ ಬಿದ್ದು ಕರೆಂಟ್ ಹೋದರೆ ಬೆಳಗಿನವರೆಗೆ ಮೀನಿನ ಉಸಿರು ಆ ಐದು ವ್ಯಾಟಿನಲ್ಲಿದೆ.

ತೊಟ್ಟಿಗೆ ಏನು ಹಾಕಬೇಕು ಎಂಬುದನ್ನೂ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲು ಹವಳಗಳೆಲ್ಲವನ್ನೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳನ್ನೂ, ಸಮುದ್ರ ಕುದುರೆಗಳನ್ನೂ ಸೇರಿಸಲಾಗಿದೆ. ಅಂದರೆ ಆಗ ಹುಲಿಗಿದ್ದ ಅನುಸೂಚಿಯಲ್ಲೇ ಅವಕ್ಕೂ ಜಾಗ ಸಿಕ್ಕಿತು. ಹೈದರಾಬಾದಿನಿಂದಲೋ ಮುಂಬಯಿಯಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಹವಳದ ತುಂಡನ್ನು ಕೊಳ್ಳುವಾಗ ಇದು ನೆನಪಿರಲಿ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ ಹವಳವಿದೆ. ಲಕ್ಷದ್ವೀಪದ ಹವಳ 1998, 2010, 2016, ಮತ್ತೆ 2024ರ ಕಡಲ ಬಿಸಿಗೆ ಬೆಳ್ಳಗಾಗಿ ನರಳಿದೆ. ಅಲ್ಲಿಂದ ಕಿತ್ತು ತಂದು ಇಲ್ಲಿ ಬದುಕಿಸುತ್ತೇವೆ ಎನ್ನುವುದರಲ್ಲಿ ಪ್ರೀತಿ ಇಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನು ಸಿಗುತ್ತದೆ. ಅದನ್ನು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಬೆಳೆಸಿ ಕಲಿಸಿದೆ. ಕೃತಕ ಬಂಡೆ, ಒಂದು ಜೋಡಿ ಕ್ಲೌನ್ ಮೀನು, ಒಂದು ಏರ್ ಪಂಪು, ಒಂದು ಸ್ಕಿಮ್ಮರ್. ಮೊದಲ ಬೇಸಿಗೆಯನ್ನು ಇಷ್ಟರಲ್ಲೇ ದಾಟಿ ನೋಡಿ.

ಇನ್ನು ನಮ್ಮ ಜಿಲ್ಲೆಯ ಕಮಲಾಪುರದ ಮಾತು. ಕೆಂಪು ಬಾಳೆಗೆ ಹೆಸರಾದ ಆ ಸೀಮೆಯಲ್ಲಿ, ಬೀದರ್ ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ, ಕೃಷಿಹೊಂಡಕ್ಕೆ ಕಟ್ಲಾ, ರೋಹು, ಗೆಂಡೆ ಮರಿ ಬಿಡಬಹುದೇ ಎಂದು ಕೇಳುವ ರೈತರಿದ್ದಾರೆ. ಪಟ್ಟಣದಲ್ಲಿ ಸಮುದ್ರದ ತೊಟ್ಟಿಗೆ ಮಾರುವ ಸಣ್ಣ ಗುಳ್ಳೆಯ ಸಾಧನವನ್ನು ಕಂಡವರು "ಅಣ್ಣಾರ, ಇದನ್ನ ನಮ್ಮ ಹೊಂಡಕ್ಕ ಹಾಕಿದ್ರ ಹ್ಯಾಂಗ?" ಎಂದು ಕೇಳುವುದು ಸಹಜ. ಹಾಕಬೇಡಿ ಎನ್ನುತ್ತೇನೆ. ಹೊಂಡದ್ದು ಸಿಹಿನೀರು. ಏರ್ ಸ್ಟೋನಿನಿಂದ ಎಷ್ಟೇ ಸಣ್ಣದಾಗಿ ಹೊರಟರೂ ಒತ್ತೊತ್ತಾಗಿ ಏಳುವ ಗುಳ್ಳೆಗಳು ದಾರಿಯಲ್ಲಿ ಕೂಡಿ ದಪ್ಪವಾಗುತ್ತವೆ. ಹೊಂಡದ ಆಳ ಎರಡು ಮೂರು ಮೀಟರ್, ಅಷ್ಟರಲ್ಲಿ ದಪ್ಪ ಗುಳ್ಳೆ ನೀರಿಗೆ ಕೊಡುವುದು ತೀರಾ ಕಡಿಮೆ. ಒಂದು ಮೈಕ್ರಾನಿಗೂ ಸಣ್ಣ ಗುಳ್ಳೆ ಮಾಡುವ ಯಂತ್ರಗಳು ಬಂದಿವೆ, ಆ ಗುಳ್ಳೆಗಳು ಸಿಹಿನೀರಿನಲ್ಲೂ ನಿಲ್ಲುತ್ತವೆ. ಆದರೆ ಆ ಯಂತ್ರಗಳ ಬೆಲೆ ಸದ್ಯಕ್ಕೆ ಒಂದು ಹೊಂಡದ ಲೆಕ್ಕಕ್ಕೆ ಹೊಂದುವುದಿಲ್ಲ.

ಹೊಂಡಕ್ಕೆ ತಿರುವುಮುರುವಿನ ದಾರಿ ಬೇಕು. ಗಾಳಿಯನ್ನು ನೀರಿಗೆ ಕಳಿಸುವ ಬದಲು ನೀರನ್ನೇ ಗಾಳಿಗೆ ಎಸೆಯಬೇಕು. ಆಂಧ್ರದ ಸಿಗಡಿ ಕೊಳಗಳಲ್ಲಿ ತಿರುಗುವ ರೆಕ್ಕೆಚಕ್ರದ ಏರೇಟರ್ ಮಾಡುವುದು ಅದನ್ನೇ. ಶುದ್ಧ ನೀರಿನ ಪರೀಕ್ಷೆಯಲ್ಲಿ ಅದು ಒಂದು ಯೂನಿಟ್ ಕರೆಂಟಿಗೆ ಸುಮಾರು ಎರಡು ಕಿಲೋ ಆಮ್ಲಜನಕವನ್ನು ನೀರಿಗೆ ಸೇರಿಸುತ್ತದೆ, ಕೊಳದ ನೀರಿನಲ್ಲಿ ಅದಕ್ಕಿಂತ ಕಡಿಮೆ. ಅದು ಇಲ್ಲದವರು ಬೋರಿನ ಮೋಟಾರನ್ನೋ ಡೀಸೆಲ್ ಪಂಪನ್ನೋ ಹೊಂಡದ ನೀರಿಗೇ ಹಚ್ಚಿ, ಪೈಪಿನ ಬಾಯಿಯನ್ನು ಎತ್ತರಕ್ಕೆ ಕಟ್ಟಿ, ನೀರು ಹನಿಹನಿಯಾಗಿ ಚದುರಿ ಮತ್ತೆ ಹೊಂಡಕ್ಕೇ ಬೀಳುವಂತೆ ಮಾಡಬಹುದು.

ಹೊತ್ತು ಮುಖ್ಯ. ಹೊಂಡದ ನೀರು ಹಸಿರಾಗಿದ್ದಷ್ಟೂ ಹಗಲು ಆಮ್ಲಜನಕ ಹೆಚ್ಚು, ರಾತ್ರಿ ಅಷ್ಟೇ ಕಡಿಮೆ. ಲೀಟರಿಗೆ ಐದು ಮಿಲಿಗ್ರಾಂ ಇದ್ದರೆ ಮೀನು ಚೆನ್ನಾಗಿ ಮೇಯುತ್ತದೆ, ಮೂರಕ್ಕಿಂತ ಇಳಿದರೆ ಸಂಕಟಪಡುತ್ತದೆ. ಆ ಇಳಿತ ಬರುವುದು ನಸುಕಿನಲ್ಲಿ, ಮೋಡ ಮುಸುಕಿದ ದಿನದ ಮರುದಿನವಂತೂ ಖಂಡಿತ. ನಸುಕಿನ ಮೂರರಿಂದ ಸೂರ್ಯ ಏರುವವರೆಗೆ ನೀರನ್ನು ಎಸೆದರೆ ಸಾಕು, ಇಡೀ ದಿನ ಮೋಟಾರ್ ಓಡಿಸಬೇಕಾಗಿಲ್ಲ. ಮೊಣಕೈವರೆಗೆ ಕೈಯನ್ನು ನೀರಿಗೆ ಇಳಿಸಿ ನೋಡಿ. ಅಂಗೈ ಕಾಣದಷ್ಟು ಹಸಿರು ದಟ್ಟವಾಗಿದ್ದರೆ ಆ ವಾರ ಸಗಣಿ ಗೊಬ್ಬರ ಹಾಕಬೇಡಿ. ಮೀನು ಮೇಲೆ ಬಂದು ಬಾಯಿ ಬಡಿಯುವುದು ಕಂಡ ಬೆಳಿಗ್ಗೆ ಮೇವನ್ನೂ ಹಾಕಬೇಡಿ, ತಿಂದದ್ದನ್ನು ಅರಗಿಸಲೂ ಅದಕ್ಕೆ ಆಮ್ಲಜನಕವೇ ಬೇಕು.